ಒಂದಗುಳಿನ ರುಚಿ: ಹಳೆಯ ವಿಡಿಯೋ ಗೇಮ್‌ಗಳೂ ಉಚಿತ ಡೆಮೊಗಳೂ

ವಿಡಿಯೋ ಗೇಮ್‌ನ ಡೆಮೊ ಎಂದರೆ ಆಟದ ಒಂದು ತುಣುಕು. ದುಡ್ಡು ಕೊಡದೆ ಅದನ್ನು ಡೌನ್‌ಲೋಡ್ ಮಾಡಿಕೊಂಡು ಆಡಿ ನೋಡಬಹುದು. ಹಿಡಿಸಿದರೆ ಪೂರ್ತಿ ಆಟವನ್ನು ಕೊಳ್ಳಬಹುದು, ಹಿಡಿಸದಿದ್ದರೆ ಅಳಿಸಿಹಾಕಬಹುದು. ಟ್ರೇಲರ್ ಆಟವನ್ನು ತೋರಿಸುತ್ತದೆ, ಡೆಮೊ ಅದನ್ನು ಕೈಗೇ ಕೊಡುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು ಎನ್ನುವ ಅಡುಗೆಮನೆಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಆದರೆ ಅನ್ನದ ಅಗುಳುಗಳೆಲ್ಲ ಒಂದೇ ಥರ, ಆಟದ ಭಾಗಗಳು ಹಾಗಿರುವುದಿಲ್ಲ. ಯಾವ ಅಗುಳನ್ನು ಕೊಡಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ನಲವತ್ತು ವರ್ಷಗಳಲ್ಲಿ ಹಲವು ಉತ್ತರಗಳು ಬಂದುಹೋಗಿವೆ.

ಹೊಸ ಆಟಗಳಿಗಿಂತ ಹಳೆಯ ಆಟಗಳ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ಕುತೂಹಲದ್ದು. 1980ರ ದಶಕದಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆರ್ಕೇಡ್ ಆಟಗಳು, ಟಿ.ವಿ.ಗೆ ಜೋಡಿಸುವ ಪೆಟ್ಟಿಗೆಯಲ್ಲಿ ಕ್ಯಾಸೆಟ್ ತುರುಕಿ ಆಡುತ್ತಿದ್ದ ಆಟಗಳು, ಡಾಸ್ ಕಂಪ್ಯೂಟರ್‌ಗಳ ಆಟಗಳು ಇವೆಲ್ಲ ಇಂದು ಸ್ಟೀಮ್, ಪ್ಲೇಸ್ಟೇಷನ್ ಸ್ಟೋರ್, ನಿಂಟೆಂಡೊ ಇ-ಶಾಪ್, ಗಾಗ್ ಮುಂತಾದ ಡಿಜಿಟಲ್ ಅಂಗಡಿಗಳಲ್ಲಿ ಮತ್ತೆ ಮಾರಾಟಕ್ಕಿವೆ. ಕೊಳ್ಳುವವರಲ್ಲಿ ಎರಡು ಬಗೆಯವರಿದ್ದಾರೆ. ಬಾಲ್ಯದಲ್ಲಿ ಆಡಿದ್ದನ್ನು ಮತ್ತೊಮ್ಮೆ ಆಡಬೇಕೆನ್ನುವವರು ಒಂದು ಕಡೆ. ಹೆಸರು ಮಾತ್ರ ಕೇಳಿ, ಇದರಲ್ಲಿ ಅಂಥದ್ದೇನಿದೆ ನೋಡೋಣ ಎಂದು ಬರುವವರು ಇನ್ನೊಂದು ಕಡೆ. ಮೊದಲಿನವರಿಗೆ ಆಟ ಗೊತ್ತು, ಈ ಹೊಸ ಯಂತ್ರದಲ್ಲಿ ಅದು ಸರಿಯಾಗಿ ಓಡುತ್ತದೆಯೋ ಇಲ್ಲವೋ ಗೊತ್ತಿಲ್ಲ. ಎರಡನೆಯವರಿಗೆ ಆಟವೇ ಗೊತ್ತಿಲ್ಲ. ಇಬ್ಬರ ಅನುಮಾನವನ್ನೂ ನೀಗಿಸಬಲ್ಲದ್ದು ಆಡಿ ನೋಡುವ ಅವಕಾಶವೊಂದೇ.

ನಾಣ್ಯ ಬೀಳುವ ಮೊದಲು

ಡೆಮೊ ಎಂಬ ಕಲ್ಪನೆ ಡಿಜಿಟಲ್ ಅಂಗಡಿಗಿಂತ ಬಹಳ ಹಳೆಯದು. ಆರ್ಕೇಡ್ ಯಂತ್ರದ ಮುಂದೆ ಯಾರೂ ಇಲ್ಲದಿದ್ದಾಗ ಅದು ಸುಮ್ಮನಿರುತ್ತಿರಲಿಲ್ಲ, ತನ್ನಷ್ಟಕ್ಕೆ ಆಡಿಕೊಳ್ಳುತ್ತಿತ್ತು. 1980ರ ‘ಪ್ಯಾಕ್-ಮ್ಯಾನ್’ ಯಂತ್ರ ನಾಲ್ಕು ಭೂತಗಳ ಹೆಸರು ತೋರಿಸಿ, ಅವುಗಳಿಂದ ತಪ್ಪಿಸಿಕೊಂಡು ಓಡುವುದು ಹೇಗೆಂದು ಸ್ವಲ್ಪ ಹೊತ್ತು ಆಡಿ ತೋರಿಸುತ್ತಿತ್ತು. ದಾರಿಹೋಕನನ್ನು ನಿಲ್ಲಿಸಿ, ಜೇಬಿನ ನಾಣ್ಯಕ್ಕೆ ಕೈಹಾಕಿಸುವುದು ಇದರ ಉದ್ದೇಶ. ಅಲ್ಲಿಂದ ಮುಂದಿನದಕ್ಕೆ ಒಂದು ನಾಣ್ಯ ಸಾಕಿತ್ತು. ಅಮೆರಿಕದಲ್ಲಿ 25 ಸೆಂಟ್‌ಗೆ ಮೂರು ಜೀವ; ಆಟ ಬೇಡವೆನಿಸಿದರೆ ನಷ್ಟ ಅಷ್ಟೇ. ಆರ್ಕೇಡ್ ಆಟಗಳನ್ನು ಕಟ್ಟಿದ್ದೇ ಮೊದಲ ಎರಡು ನಿಮಿಷದಲ್ಲಿ ಮನಸ್ಸು ಗೆಲ್ಲುವಂತೆ. ಅವುಗಳಿಗೆ ಡೆಮೊ ಮಾಡುವುದು ಸುಲಭ, ಕಷ್ಟ ಎರಡೂ ಆಗುವುದು ಈ ಕಾರಣಕ್ಕೇ. ಆ ಮಾತು ಮುಂದೆ ಬರುತ್ತದೆ.

ಮೊದಲ ಕಂತು ಪುಕ್ಕಟೆ

ಮನೆಯ ಕಂಪ್ಯೂಟರ್‌ಗೆ ನಾಣ್ಯದ ಕಿಂಡಿ ಇರಲಿಲ್ಲ. ಅಲ್ಲಿ ಹುಟ್ಟಿದ ಪದ್ಧತಿ ಶೇರ್‌ವೇರ್. 1980ರ ದಶಕದ ಆರಂಭದಲ್ಲಿ ಅಮೆರಿಕದ ಕೆಲವು ಪ್ರೋಗ್ರಾಮರುಗಳು ತಮ್ಮ ಸಾಫ್ಟ್‌ವೇರನ್ನು ಪೂರ್ತಿಯಾಗಿ ಹಂಚಿ, ಉಪಯೋಗವಾದರೆ ಹಣ ಕಳಿಸಿ ಎಂದು ಕೇಳಿಕೊಂಡರು. ಪತ್ರ ಬರೆಯುವ, ಲೆಕ್ಕ ಇಡುವ ಸಾಫ್ಟ್‌ವೇರುಗಳಿಗೆ ಇದು ನಡೆಯಿತು, ಆಟಗಳಿಗೆ ನಡೆಯಲಿಲ್ಲ. ಪೂರ್ತಿ ಆಟ ಕೈಯಲ್ಲಿರುವಾಗ, ಆಡಿ ಮುಗಿಸಿದ ಮೇಲೆ ಹಣ ಕಳಿಸುವವರು ಕಡಿಮೆ.

ಅಪೋಜಿ ಎಂಬ ಪುಟ್ಟ ಕಂಪನಿಯ ಸ್ಕಾಟ್ ಮಿಲ್ಲರ್ ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿತ್ತು. 1987ರಲ್ಲಿ ‘ಕಿಂಗ್‌ಡಮ್ ಆಫ್ ಕ್ರೋಜ್’ ಎಂಬ ತಮ್ಮ ಆಟದ ಸರಣಿಯನ್ನು ಅವರು ಕಂತುಗಳಾಗಿ ಒಡೆದರು. ಮೊದಲ ಕಂತನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಮುಂದಿನ ಕಂತುಗಳು ಬೇಕಾದರೆ ಅಂಚೆಯಲ್ಲಿ ಹಣ ಕಳಿಸಬೇಕು. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಈ ತಂತ್ರದ ಬಲ ಬಿಡಿಸಿ ಹೇಳಬೇಕಿಲ್ಲ. ಮೊದಲ ಕಂತು ಅರ್ಧಂಬರ್ಧದ್ದಲ್ಲ. ಅದಕ್ಕೆ ತನ್ನದೇ ಆರಂಭ, ತನ್ನದೇ ಕೊನೆ ಇದೆ. ಆದರೆ ಕಥೆ ಇನ್ನೂ ಇದೆ.

ಇದೇ ಪದ್ಧತಿಯಲ್ಲಿ 1990ರ ಡಿಸೆಂಬರಿನಲ್ಲಿ ‘ಕಮಾಂಡರ್ ಕೀನ್’, 1992ರ ಮೇ ತಿಂಗಳಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’ ಬಂದವು. ಎರಡನ್ನೂ ಮಾಡಿದ್ದು ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ ಮತ್ತು ಗೆಳೆಯರ ತಂಡ, ಮುಂದೆ ಇಡ್ ಸಾಫ್ಟ್‌ವೇರ್ ಎಂದು ಹೆಸರಾದದ್ದು. ಆ ತಂಡದ ‘ಡೂಮ್’ 1993ರ ಡಿಸೆಂಬರ್ 10ರಂದು ಹೊರಬಂತು. ಅಂಗಡಿಯಲ್ಲಿ ಬಿಡುಗಡೆಯಿಲ್ಲ, ಜಾಹೀರಾತಿನ ಅಬ್ಬರವಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದು ಸರ್ವರ್‌ಗೆ ಮೊದಲ ಕಂತನ್ನು ಏರಿಸಿದರು. ಕಾದು ಕುಳಿತವರ ದಟ್ಟಣೆ ಎಷ್ಟಿತ್ತೆಂದರೆ, ಏರಿಸಲು ಹೊರಟ ತಂಡದವರಿಗೇ ಒಳಗೆ ಹೋಗಲು ಜಾಗವಿರಲಿಲ್ಲ.

‘ಡೂಮ್’ನ ಉಚಿತ ಕಂತನ್ನು ಒಳ್ಳೆಯ ಡೆಮೊ ಹೇಗಿರಬೇಕು ಎಂಬುದಕ್ಕೆ ಮಾದರಿಯಾಗಿ ಇಂದಿಗೂ ಎತ್ತಿಕೊಳ್ಳಬಹುದು. ಪೂರ್ತಿ ಆಟದಲ್ಲಿ ಮೂರು ಕಂತು, 27 ಹಂತಗಳು. ಉಚಿತವಾಗಿ ಸಿಕ್ಕದ್ದು ಗುಟ್ಟಿನ ಹಂತವೂ ಸೇರಿ 9, ಅಂದರೆ ಸರಿಯಾಗಿ ಮೂರನೇ ಒಂದು ಭಾಗ. ಆ ಒಂಬತ್ತನ್ನು ತಂಡ ಅಳತೆ ನೋಡಿ ಕಟ್ಟಿತ್ತು. ಪಿಸ್ತೂಲಿನಿಂದ ಶುರುವಾಗಿ ರಾಕೆಟ್ ಲಾಂಚರ್‌ವರೆಗೆ ಆಯುಧಗಳು ಸಿಗುತ್ತವೆ. ಪ್ಲಾಸ್ಮಾ ಗನ್ ಮತ್ತು ಅದಕ್ಕಿಂತ ಭಾರಿಯಾದ ಬಿಎಫ್‌ಜಿ ಮಾತ್ರ ಹಣ ಕೊಟ್ಟವರಿಗೆ. ಕೊನೆಯ ಹಂತದಲ್ಲಿ ಇಬ್ಬರು ದೈತ್ಯರನ್ನು ಕೊಂದು, ಗೆದ್ದೆ ಎಂದುಕೊಂಡು ಆಟಗಾರ ಮುಂದಿನ ಬಾಗಿಲಿಗೆ ಕಾಲಿಟ್ಟರೆ ಕತ್ತಲೆ ಕೋಣೆಯೊಂದರಲ್ಲಿ ರಾಕ್ಷಸರು ಮುತ್ತಿಕೊಳ್ಳುತ್ತಾರೆ. ಪರದೆಯ ಮೇಲೆ ಕಥೆ ಮುಗಿದಿಲ್ಲವೆಂಬ ಬರಹ ಮೂಡುತ್ತದೆ. ಮುಂದೇನಾಯಿತು ಎಂದು ತಿಳಿಯಲು 40 ಡಾಲರ್. ಎಂಟೊಂಬತ್ತು ಹಂತಗಳಷ್ಟು ಹೊಟ್ಟೆತುಂಬ ಬಡಿಸಿ, ಹಸಿವನ್ನೂ ಉಳಿಸಿ ಕಳಿಸುವ ಈ ಕೈಚಳಕ ಮುಂದಿನ ಡೆಮೊಗಳಲ್ಲಿ ಹೆಚ್ಚು ಕಂಡುಬರಲಿಲ್ಲ.

ಆ ಉಚಿತ ಕಂತು ಕುಗ್ಗಿಸಿದಾಗ ಎರಡು ಫ್ಲಾಪಿಗಳಿಗೆ ಹಿಡಿಯುವಷ್ಟಿತ್ತು. ಅದನ್ನು ಅಂಗಡಿಯವರು ತಮಗೆ ತೋಚಿದ ಬೆಲೆಗೆ ಮಾರಿಕೊಳ್ಳಬಹುದು, ಕಂಪನಿಗೆ ಕಾಸೂ ಕೊಡಬೇಕಿಲ್ಲ ಎಂದು ಇಡ್ ಸಾಫ್ಟ್‌ವೇರ್ ಬಿಟ್ಟುಕೊಟ್ಟಿತ್ತು. ಫ್ಲಾಪಿ ಮಾರಿದವನಿಗೆ ಫ್ಲಾಪಿಯ ಲಾಭ, ಕಂಪನಿಗೆ ಹೊಸ ಆಟಗಾರನ ಲಾಭ.

ಸಿ.ಡಿ.ಯಲ್ಲಿ ಬಂದ ರುಚಿ

ಇಂಟರ್‌ನೆಟ್ ನಿಧಾನವಿದ್ದ ದಿನಗಳಲ್ಲಿ ಡೆಮೊ ಊರೂರಿಗೆ ತಲುಪಿದ್ದು ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ. ಯುರೋಪ್, ಅಮೆರಿಕಗಳಲ್ಲಿ ಪ್ಲೇಸ್ಟೇಷನ್ ಪತ್ರಿಕೆಗಳ ಡೆಮೊ ಡಿಸ್ಕುಗಳು ಒಂದು ಪೀಳಿಗೆಯ ನೆನಪಾಗಿ ಉಳಿದಿವೆ. ಭಾರತದಲ್ಲಿ ‘ಡಿಜಿಟ್’, ‘ಚಿಪ್’ನಂಥ ಕಂಪ್ಯೂಟರ್ ಪತ್ರಿಕೆಗಳ ಸಿ.ಡಿ.ಗಳು ಆ ಕೆಲಸ ಮಾಡಿದವು. ಬೆಂಗಳೂರಿನ ಸೈಬರ್ ಕೆಫೆಯಲ್ಲಾಗಲಿ, ಚಿಕ್ಕ ಊರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಾಗಲಿ, ಒಂದು ಸಿ.ಡಿ. ಹತ್ತಾರು ಕಂಪ್ಯೂಟರುಗಳಿಗೆ ಹತ್ತುತ್ತಿತ್ತು. ಪೂರ್ತಿ ಆಟ ಕೊಳ್ಳಲು ಅಂಗಡಿಯೂ ಇಲ್ಲದ, ಹೊರದೇಶಕ್ಕೆ ಹಣ ಕಳಿಸುವ ದಾರಿಯೂ ಇಲ್ಲದ ಊರುಗಳಲ್ಲಿ ಅನೇಕ ಆಟಗಳ ಮೊದಲ ಹಂತವೇ ಇಡೀ ಆಟವೆಂದು ಮಕ್ಕಳು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಹಾಗೆ ತುಣುಕೇ ಪೂರ್ತಿಯಾದ ಉದಾಹರಣೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳಲ್ಲಿದ್ದ ಪಿನ್‌ಬಾಲ್. ಸರಕಾರಿ ಕಚೇರಿಯಿಂದ ಕಾಲೇಜು ಲ್ಯಾಬಿನವರೆಗೆ ಎಲ್ಲೆಲ್ಲೂ ಇದ್ದ ಆ ಆಟ ನಿಜಕ್ಕೂ 1995ರಲ್ಲಿ ಮ್ಯಾಕ್ಸಿಸ್ ಪ್ರಕಟಿಸಿದ ‘ಫುಲ್ ಟಿಲ್ಟ್! ಪಿನ್‌ಬಾಲ್’ನ ಮೂರು ಮೇಜುಗಳಲ್ಲಿ ಒಂದು, ‘ಸ್ಪೇಸ್ ಕೆಡೆಟ್’. ಉಳಿದೆರಡು ಮೇಜುಗಳಿದ್ದವು ಎಂಬುದನ್ನೇ ಅರಿಯದೆ ಕೋಟ್ಯಂತರ ಜನ ಅದನ್ನು ಆಡಿದರು. ವಿಂಡೋಸ್ ವಿಸ್ತಾದ ಹೊತ್ತಿಗೆ ಅದು ಕಾಣೆಯಾಯಿತು. 64 ಬಿಟ್ ಯಂತ್ರಕ್ಕೆ ಒಗ್ಗಿಸಲು ಹೋದಾಗ ಚೆಂಡು ಯಾವುದಕ್ಕೂ ತಾಗದೆ ಎಲ್ಲದರ ಮೂಲಕ ಹಾದುಹೋಗತೊಡಗಿತ್ತು, ಆ ದೋಷದ ಮೂಲವನ್ನು ಹುಡುಕಲು ಆಗಲಿಲ್ಲ ಎಂದು ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ ಬರೆದಿದ್ದಾರೆ.

ಡೆಮೊ ಕಡ್ಡಾಯವಾದಾಗ

ಹಳೆಯ ಆಟಗಳನ್ನು ಡಿಜಿಟಲ್ ಅಂಗಡಿಯಲ್ಲಿ ಮಾರುವುದು ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 2005-06ರ ಸುಮಾರಿಗೆ. ಆಗ ಇಬ್ಬರು ದೊಡ್ಡ ವರ್ತಕರು ಎರಡು ಬೇರೆ ದಾರಿ ಹಿಡಿದರು.

2005ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಜೊತೆಗೆ ಬಂದ ‘ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್’ ಅಂಗಡಿಯಲ್ಲಿ ಮೈಕ್ರೋಸಾಫ್ಟ್ ಒಂದು ಖಡಾಖಂಡಿತ ನಿಯಮ ಇಟ್ಟಿತು: ಇಲ್ಲಿ ಮಾರುವ ಪ್ರತಿಯೊಂದು ಆಟಕ್ಕೂ ಉಚಿತವಾಗಿ ಆಡಿ ನೋಡುವ ರೂಪ ಇರಲೇಬೇಕು. ‘ಪ್ಯಾಕ್-ಮ್ಯಾನ್’, ‘ಗ್ಯಾಲಗ’, ‘ಫ್ರಾಗರ್’, ‘ಸ್ಟ್ರೀಟ್ ಫೈಟರ್ 2’, ಭಾರತದ ಮಕ್ಕಳಿಗೆ ಕ್ಯಾಸೆಟ್ ಮೂಲಕ ಚಿರಪರಿಚಿತವಾದ ‘ಕಾಂಟ್ರಾ’, 2006ರಲ್ಲಿ ‘ಡೂಮ್’ ಕೂಡ, ಎಲ್ಲವೂ ಈ ನಿಯಮದಡಿಯಲ್ಲೇ ಬಂದವು. ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಡೌನ್‌ಲೋಡ್ ಆಗುತ್ತಿದ್ದದ್ದು ಪೂರ್ತಿ ಆಟವೇ. ಖರೀದಿ ಆಗದಿದ್ದರೆ ಒಂದು ಭಾಗಕ್ಕೆ ಮಾತ್ರ ಬಾಗಿಲು ತೆರೆದಿರುತ್ತಿತ್ತು. ಹಣ ಕೊಟ್ಟ ಕ್ಷಣ ಉಳಿದ ಬಾಗಿಲುಗಳ ಬೀಗ ತೆಗೆಯುತ್ತಿತ್ತು, ಮತ್ತೆ ಡೌನ್‌ಲೋಡ್ ಮಾಡಬೇಕಿರಲಿಲ್ಲ. ಆಟದ ಗಾತ್ರವೂ ಚಿಕ್ಕದು: 64 ಎಂ.ಬಿ. ಮೆಮೊರಿ ಕಾರ್ಡಿನಲ್ಲಿ ಹಿಡಿಯಲೆಂದು ಮೊದಲಿಗೆ 50 ಎಂ.ಬಿ. ಮಿತಿಯಿತ್ತು. 2007ರಲ್ಲಿ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’ ಆ ಮಿತಿಯನ್ನು ಮೀರಿ ಬಂತು, ಅದೇ ವರ್ಷ ಮಿತಿ 150 ಎಂ.ಬಿ.ಗೆ ಏರಿತು.

ಗೊತ್ತಿರದ ಆಟದ ಬಗ್ಗೆ ಕುತೂಹಲ ಹುಟ್ಟಿದರೆ ಆಡಿ ನೋಡುವುದಕ್ಕೆ ಅಡ್ಡಿಯೇ ಇರಲಿಲ್ಲ ಎಂಬುದು ಈ ನಿಯಮದ ದೊಡ್ಡ ಗುಣ. ಹಳೆಯ ಆಟಗಳಿಗೆ ಇದಕ್ಕಿಂತ ಒಳ್ಳೆಯ ಅಂಗಡಿ ಮುಂದೆ ಬಂದಿಲ್ಲವೆಂದೇ ಹೇಳಬೇಕು. 2010ರಲ್ಲಿ ಮೈಕ್ರೋಸಾಫ್ಟ್ ತೆರೆದ ‘ಗೇಮ್ ರೂಮ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೆಯ ಆರ್ಕೇಡ್ ಕೋಣೆಯನ್ನೇ ಪರದೆಯ ಮೇಲೆ ಕಟ್ಟಿತು. ಒಂದು ಆಟವನ್ನು ಒಮ್ಮೆ ಪುಕ್ಕಟೆ ಆಡಬಹುದು, ಆಮೇಲೆ ಒಂದೊಂದು ಬಾರಿಗೆ 40 ಪಾಯಿಂಟ್, ಅಂದರೆ ಅರ್ಧ ಡಾಲರ್, ಇಲ್ಲವೇ ಆಟವನ್ನೇ ಕೊಂಡುಕೊಳ್ಳಬಹುದು. ನಾಣ್ಯದ ಲೆಕ್ಕ ಮತ್ತೆ ಬಂದಿತ್ತು. ಆದರೆ ಆ ಪ್ರಯೋಗ ಬಹುಕಾಲ ಬಾಳಲಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬಂದ ಮೇಲೆ ಡೆಮೊ ಕಡ್ಡಾಯವೆಂಬ ನಿಯಮವೂ ಮುಂದುವರಿಯಲಿಲ್ಲ.

ನಿಂಟೆಂಡೊ ಹಿಡಿದ ದಾರಿ ಇದಕ್ಕೆ ತಿರುವುಮುರುವು. 2006ರ ಕೊನೆಯಲ್ಲಿ ವೀ ಯಂತ್ರದ ಜೊತೆ ಬಂದ ‘ವರ್ಚುವಲ್ ಕನ್ಸೋಲ್’ನಲ್ಲಿ ಹಳೆಯ ಎನ್‌ಇಎಸ್ ಯಂತ್ರದ ಆಟ ಒಂದಕ್ಕೆ 500 ಪಾಯಿಂಟ್, ಅಂದರೆ 5 ಡಾಲರ್. ಡೆಮೊ ಇಲ್ಲ, ಒಂದು ಚಿತ್ರ, ನಾಲ್ಕು ಸಾಲಿನ ವಿವರಣೆ ನೋಡಿ ಕೊಳ್ಳಬೇಕು. ಇಪ್ಪತ್ತು ವರ್ಷ ಹಿಂದಿನ, ಹೆಸರೇ ಕೇಳದ ಆಟವನ್ನು ಹಾಗೆ ಕೊಳ್ಳುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ನಂಬಿಕೆಯ ಮೇಲೆ ಮಾರಾಟವಾದದ್ದು ಮಾರಿಯೊ, ಜೆಲ್ಡಾದಂಥ ಮನೆಮಾತಾದ ಹೆಸರುಗಳೇ.

ನಿಂಟೆಂಡೊಗೆ ಈ ಕೊರತೆ ತಿಳಿದಿತ್ತೆಂಬುದಕ್ಕೆ 2008ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್’ ಸಾಕ್ಷಿ. ಅದರೊಳಗೆ ‘ಮಾಸ್ಟರ್‌ಪೀಸಸ್’ ಎಂಬ ವಿಭಾಗವಿತ್ತು. ಹೊಡೆದಾಟದಲ್ಲಿ ಬರುವ ಪಾತ್ರಗಳ ಮೂಲ ಆಟಗಳನ್ನು ಅಲ್ಲೇ ಆಡಿ ನೋಡಬಹುದು, ಆದರೆ ಗಡಿಯಾರ ಇಟ್ಟು: ಬಹಳಷ್ಟಕ್ಕೆ ಒಂದೆರಡು ನಿಮಿಷ, ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ಗೆ 5 ನಿಮಿಷ. ಸಮಯ ಮುಗಿದರೆ ಆಟ ತಟ್ಟನೆ ನಿಲ್ಲುತ್ತದೆ, ವರ್ಚುವಲ್ ಕನ್ಸೋಲ್‌ನಲ್ಲಿ ಕೊಳ್ಳಿ ಎಂಬ ಸೂಚನೆ ಬರುತ್ತದೆ. ‘ಒಕರಿನಾ’ ಹತ್ತಾರು ಗಂಟೆ ಆಡುವ, ನಿಧಾನವಾಗಿ ತೆರೆದುಕೊಳ್ಳುವ ಆಟ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಐದು ನಿಮಿಷ ನೋಡಿ ಪ್ರಸಂಗದ ಬಗ್ಗೆ ತೀರ್ಮಾನಿಸಿದಂತೆಯೇ ಇದು.

ಎಲ್ಲಿ ಕತ್ತರಿಸಬೇಕು

ಹಳೆಯ ಆಟದ ಡೆಮೊ ತಯಾರಿಸುವುದು ತಾಂತ್ರಿಕವಾಗಿ ಹೊಸ ಆಟದ ಡೆಮೊಗಿಂತ ಬೇರೆ ಕೆಲಸ. ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಒಳಗೆ ಮೂಲ ಆಟದ ಫೈಲ್ ಓಡುತ್ತಿರುತ್ತದೆ. ‘ಸೂಪರ್ ಮಾರಿಯೊ ಬ್ರದರ್ಸ್’ನ ಇಡೀ ಆಟ 40 ಕಿಲೋಬೈಟ್, ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಬಿಗಿಯಾಗಿ ಹೆಣೆದ ಫೈಲಿನಿಂದ ಅರ್ಧ ಆಟವನ್ನು ಬಿಡಿಸಿ ತೆಗೆಯಬೇಕೆಂದರೆ ದಶಕಗಳ ಹಿಂದಿನ ಪ್ರೋಗ್ರಾಮನ್ನೇ ಕೆದಕಬೇಕು. ಎಷ್ಟೋ ಬಾರಿ ಅದರ ಮೂಲ ಬರಹವೇ ಉಳಿದಿರುವುದಿಲ್ಲ. ಹಾಗಾಗಿ ಬೀಗವನ್ನು ಹೊರಗಿನಿಂದ, ಎಮ್ಯುಲೇಟರಿಗೆ ಹಾಕುತ್ತಾರೆ. ಇಷ್ಟು ನಿಮಿಷವಾದರೆ ನಿಲ್ಲಿಸು, ಸೇವ್ ಮಾಡಲು ಬಿಡಬೇಡ, ಇಷ್ಟು ಬಾರಿ ತೆರೆದ ಮೇಲೆ ಮತ್ತೆ ತೆರೆಯಬೇಡ ಎಂಬಂಥ ಬೀಗಗಳಿವು. ನಿಂಟೆಂಡೊ 3ಡಿಎಸ್‌ನ ಎಷ್ಟೋ ಡೆಮೊಗಳು ಇಂತಿಷ್ಟು ಬಾರಿ ಮಾತ್ರ ತೆರೆಯುತ್ತಿದ್ದವು. ಡೆಮೊ ಫೈಲಿನೊಳಗೆ ಪೂರ್ತಿ ಆಟವೇ ಅಡಗಿರುವುದರಿಂದ ಬೀಗ ಮುರಿದರೆ ಎಲ್ಲವೂ ಬಯಲು, ಈ ಭಯವೂ ಮಾರುವವರಿಗಿದೆ.

ಗಡಿಯಾರದ ಬೀಗ ಮಾರುವವರಿಗೆ ಎಲ್ಲಕ್ಕಿಂತ ಅಗ್ಗ, ಆಡುವವರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಆಟದ ಲಯ ಗೊತ್ತಿರುವುದಿಲ್ಲ. ಜಿಗಿತದ ನಡುವೆಯೇ ನಿಲ್ಲಿಸಿಬಿಡುತ್ತದೆ. ಆರ್ಕೇಡ್ ಆಟಕ್ಕೆ ಸಹಜವಾದ ಮಿತಿ ಅದರಲ್ಲೇ ಇದೆ: ಮೂರು ಜೀವ, ಇಲ್ಲವೇ ಮೊದಲೆರಡು ಹಂತ. ಆದರೆ ‘ಗ್ಯಾಲಗ’ದಂಥ ಆಟದಲ್ಲಿ ಮೊದಲೆರಡು ಹಂತ ನೋಡಿದವರು ಆಟದ ಸಾರವನ್ನೆಲ್ಲ ನೋಡಿದಂತೆಯೇ, ಮುಂದಿನದು ಅದರ ವೇಗ ಹೆಚ್ಚಿದ ರೂಪ. ಅಷ್ಟಕ್ಕೆ ತೃಪ್ತಿಯಾಗಿ ಕೊಳ್ಳದೆ ಹೋಗುವವರಿರುತ್ತಾರೆ. ಆರ್ಕೇಡ್ ಆಟದ ಡೆಮೊ ಮಾಡುವುದು ಸುಲಭ, ಅದರಿಂದ ಮಾರುವುದು ಕಷ್ಟ ಎನ್ನುವುದು ಇದಕ್ಕೇ. ಕಥೆ ಇರುವ ದೊಡ್ಡ ಆಟಗಳಲ್ಲಿ ಸಮಸ್ಯೆ ತಲೆಕೆಳಗಾಗುತ್ತದೆ. ಅವುಗಳ ಮೊದಲ ಗಂಟೆ ಸಾಮಾನ್ಯವಾಗಿ ಎಲ್ಲಕ್ಕಿಂತ ಸಪ್ಪೆ. ಅದನ್ನೇ ಕತ್ತರಿಸಿ ಕೊಟ್ಟರೆ ಆಟಕ್ಕೆ ಅನ್ಯಾಯ, ನಡುವಿನದನ್ನು ಕೊಟ್ಟರೆ ತಲೆಬುಡ ತಿಳಿಯುವುದಿಲ್ಲ.

ಇದಕ್ಕೆ ಸಿಕ್ಕ ಒಳ್ಳೆಯ ಪರಿಹಾರ, ಡೆಮೊದಲ್ಲಿ ಆಡಿದ್ದನ್ನು ಪೂರ್ತಿ ಆಟಕ್ಕೆ ಒಯ್ಯಲು ಬಿಡುವುದು. ‘ಲೈವ್ ಎ ಲೈವ್’ ಇದಕ್ಕೆ ಉದಾಹರಣೆ. 1994ರಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ಈ ಆಟ 28 ವರ್ಷ ಜಪಾನಿನ ಹೊರಗೆ ಅಧಿಕೃತವಾಗಿ ಸಿಕ್ಕಿರಲಿಲ್ಲ. 2022ರ ಜುಲೈನಲ್ಲಿ ಹೊಸ ರೂಪದಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದಾಗ ಅದಕ್ಕೂ ಮೊದಲೇ ಉಚಿತ ಡೆಮೊ ಬಂತು. ಹಳೆಯ ಚೀನಾ, ಜಪಾನಿನ ಎಡೊ ಕಾಲ, ದೂರದ ಭವಿಷ್ಯ, ಹೀಗೆ ಬೇರೆಬೇರೆ ಕಾಲದ ಮೂರು ಅಧ್ಯಾಯಗಳ ಆರಂಭವನ್ನು ಅದರಲ್ಲಿ ಆಡಬಹುದಿತ್ತು. ಆಟ ಕೊಂಡವರು ಬಿಟ್ಟ ಕಡೆಯಿಂದಲೇ ಮುಂದುವರಿಯಬಹುದಿತ್ತು. ಹೊರದೇಶದವರಿಗೆ ಅದು ಹಳೆಯ ಆಟವೂ ಹೌದು, ಪೂರ್ತಿ ಹೊಸದೂ ಹೌದು. ಅಂಥ ಆಟಕ್ಕೆ ಡೆಮೊ ಇಲ್ಲದಿದ್ದರೆ ನಂಬಿಕೆ ಹುಟ್ಟಿಸುವುದು ಕಷ್ಟವಿತ್ತು.

ಹಳೆಯ ಆಟಗಳ ಡೆಮೊ ಬರಿಯ ಅಭಿರುಚಿಯ ಪ್ರಶ್ನೆಯೂ ಅಲ್ಲ. ಹೊಸ ಯಂತ್ರಕ್ಕೆ ತಂದವರ ಕೆಲಸ ಹೇಗಿದೆ ಎಂಬ ಪರೀಕ್ಷೆಯೂ ಅದರಲ್ಲಿದೆ. ಗುಂಡಿ ಒತ್ತಿದ ಮೇಲೆ ಮಾರಿಯೊ ಜಿಗಿಯುವುದು ಕೂದಲೆಳೆಯಷ್ಟು ತಡವಾದರೂ ಹಳೆಯ ಆಟಗಾರನ ಬೆರಳಿಗೆ ಗೊತ್ತಾಗುತ್ತದೆ. ಯುರೋಪಿನ ಟಿ.ವಿ.ಗಳಿಗಾಗಿ ಮಾಡಿದ ಹಳೆಯ ಆವೃತ್ತಿಗಳು ಸೆಕೆಂಡಿಗೆ 60ರ ಬದಲು 50 ಚಿತ್ರಗಳಲ್ಲಿ, ಎಷ್ಟೋ ಸಲ ನಿಧಾನವಾಗಿ ಓಡುತ್ತವೆ. 2018ರಲ್ಲಿ ಸೋನಿ ಮಾರಿದ ‘ಪ್ಲೇಸ್ಟೇಷನ್ ಕ್ಲಾಸಿಕ್’ ಯಂತ್ರದ 20 ಆಟಗಳಲ್ಲಿ 9 ಅಂಥವೇ ಆಗಿದ್ದವು, ಅದಕ್ಕಾಗಿ ಬೈಸಿಕೊಂಡವು. ಭಾರತದ ಆಟಗಾರರಿಗೆ ಹತ್ತಿರದ ಉದಾಹರಣೆ ‘ವೈಸ್ ಸಿಟಿ’. ಒಂದು ಕಾಲಕ್ಕೆ ಇಲ್ಲಿನ ಪ್ರತಿ ಸೈಬರ್ ಕೆಫೆಯಲ್ಲೂ ಇದ್ದ ಆ ಆಟವೂ ಸೇರಿದಂತೆ ಮೂರು ‘ಜಿಟಿಎ’ ಆಟಗಳ ಹೊಸ ಸಂಕಲನ 2021ರ ನವೆಂಬರಿನಲ್ಲಿ ಬಂತು. ವಿಕಾರವಾದ ಮುಖಗಳು, ಕಣ್ಣು ಕಟ್ಟುವ ಮಳೆ, ಹೆಜ್ಜೆಹೆಜ್ಜೆಗೂ ದೋಷ. ಪ್ರಕಾಶಕರಾದ ರಾಕ್‌ಸ್ಟಾರ್ ಬಹಿರಂಗವಾಗಿ ಕ್ಷಮೆ ಕೇಳಿ, ಮಾರಾಟದಿಂದ ತೆಗೆದಿದ್ದ ಹಳೆಯ ಆವೃತ್ತಿಗಳನ್ನು ಕಂಪ್ಯೂಟರ್ ಅಂಗಡಿಗೆ ಮತ್ತೆ ತಂದರು. ಒಂದು ಗಂಟೆಯ ಡೆಮೊ ಇದ್ದಿದ್ದರೆ ಆ ದೋಷಗಳು ಹಣ ಕೊಡುವ ಮೊದಲೇ ಕಣ್ಣಿಗೆ ಬೀಳುತ್ತಿದ್ದವು.

ಕೊಡದಿರಲು ಕಾರಣಗಳು

ಇಷ್ಟೆಲ್ಲ ಇದ್ದೂ ಹಳೆಯ ಆಟಗಳಿಗೆ ಡೆಮೊ ವಿರಳ. ಮಾರುವವರ ಮೊದಲ ವಾದ ಬೆಲೆಯದು. ಐದು ಡಾಲರಿನ ಆಟಕ್ಕೆ ಡೆಮೊ ಏಕೆ? ಪ್ರತಿ ಡೆಮೊವನ್ನೂ ಬೇರೆಯದಾಗಿ ಪರೀಕ್ಷಿಸಿ, ಯಂತ್ರದ ಕಂಪನಿಯ ಒಪ್ಪಿಗೆ ಪಡೆದು, ವಯೋಮಿತಿಯ ಪ್ರಮಾಣಪತ್ರ ನೋಡಿಕೊಳ್ಳಬೇಕು. ವಾರಕ್ಕೊಂದು ಹಳೆಯ ಆಟ ತರುವ ಹ್ಯಾಮ್‌ಸ್ಟರ್‌ನಂಥ ಜಪಾನಿ ಕಂಪನಿಗೆ ಈ ಹೊರೆ ಸಣ್ಣದಲ್ಲ. ಎರಡನೆಯದು ಹಕ್ಕುಗಳ ತೊಡಕು. ಹಳೆಯ ಆಟದ ಹಾಡು, ಕಾರಿನ ಹೆಸರು, ಚಲನಚಿತ್ರದ ಪಾತ್ರ ಇವೆಲ್ಲ ಬೇರೆಯವರಿಂದ ಅವಧಿಗೆ ಪಡೆದವು. ಫೆರಾರಿ ಕಾರುಗಳ ಪರವಾನಗಿ ಮುಗಿದಾಗ ಸೆಗಾದ ‘ಔಟ್‌ರನ್ ಆನ್‌ಲೈನ್ ಆರ್ಕೇಡ್’ ಅಂಗಡಿಗಳಿಂದಲೇ ಹೋಯಿತು.

ಮೂರನೆಯ ಕಾರಣ ಹೆಚ್ಚು ಮುಜುಗರದ್ದು. ಗೇಮ್ ವಿನ್ಯಾಸಕ ಜೆಸ್ಸಿ ಶೆಲ್ 2013ರ ಡೈಸ್ ಸಮ್ಮೇಳನದಲ್ಲಿ ಎಕ್ಸ್‌ಬಾಕ್ಸ್ 360 ಆಟಗಳ ಮಾರಾಟದ ಅಂಕಿಅಂಶ ಮುಂದಿಟ್ಟು, ಟ್ರೇಲರ್ ಇದ್ದು ಡೆಮೊ ಇಲ್ಲದ ಆಟಗಳೇ ಎರಡೂ ಇದ್ದವಕ್ಕಿಂತ ಹೆಚ್ಚು ಮಾರಾಟವಾಗಿವೆ ಎಂದು ತೋರಿಸಿದರು. ಟ್ರೇಲರ್ ಹುಟ್ಟಿಸಿದ ಆಸೆಯನ್ನು ಡೆಮೊ ತಣಿಸಿಬಿಡುತ್ತದೆ ಎಂಬುದು ಅದರ ಅರ್ಥ. ಈ ಮಾತನ್ನು ಪ್ರಕಾಶಕರು ಮತ್ತೆಮತ್ತೆ ಹೇಳಿಕೊಂಡರು. ಆದರೆ ಆ ಲೆಕ್ಕ ಹೊಸ, ದುಬಾರಿ ಆಟಗಳ ಮೊದಲ ವಾರಗಳಿಗೆ ಹೊಂದುವಷ್ಟು ಹಳೆಯ ಆಟಗಳಿಗೆ ಹೊಂದುವುದಿಲ್ಲ. ಮೂವತ್ತು ವರ್ಷ ಹಿಂದಿನ ಆಟದ ಸುತ್ತ ತಣಿಸಬೇಕಾದ ಆಸೆಯ ಅಲೆ ಇರುವುದಿಲ್ಲ, ಇರುವುದು ಅನುಮಾನ. ಕೊಳ್ಳದೆ ಹೋದವರಿಂದ ಅಲ್ಲಿ ಆಗುವ ನಷ್ಟಕ್ಕಿಂತ ಆಟವಿದೆಯೆಂದೇ ತಿಳಿಯದವರಿಂದ ಆಗುವ ನಷ್ಟ ದೊಡ್ಡದು.

ಡೆಮೊ ಬದಲಿಗೆ ಬಂದವು

ಖಾಲಿ ಬಿದ್ದ ಜಾಗವನ್ನು ಬೇರೆ ಏರ್ಪಾಟುಗಳು ತುಂಬಿವೆ. ಸ್ಟೀಮ್ 2015ರ ಜೂನ್‌ನಿಂದ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿದವರಿಗೆ ಹಣ ವಾಪಸು ಕೊಡುತ್ತಿದೆ. ಹಳೆಯ ಆಟಗಳ ಮಾರಾಟಕ್ಕೆಂದೇ 2008ರಲ್ಲಿ ಪೋಲೆಂಡಿನಲ್ಲಿ ಆರಂಭವಾದ ಗಾಗ್ 2020ರಿಂದ 30 ದಿನಗಳ ಅವಕಾಶ ಕೊಟ್ಟಿದೆ. ಆಟ ಎಷ್ಟು ಹೊತ್ತು ಆಡಿದ್ದರೂ ಸರಿ. ಜೊತೆಗೆ ‘ಬಿನೀತ್ ಎ ಸ್ಟೀಲ್ ಸ್ಕೈ’ಯಂಥ ಕೆಲವು ಹಳೆಯ ಆಟಗಳನ್ನು ಪೂರ್ತಿಯಾಗಿ ಉಚಿತವಾಗಿಯೇ ಕೊಡುತ್ತದೆ. ಹಣ ವಾಪಸಿನ ವ್ಯವಸ್ಥೆ ಒಳ್ಳೆಯದೇ, ಆದರೂ ಅದು ಡೆಮೊಗೆ ಸಮನಾಗದು. ಮೊದಲು ಹಣ ಕೊಡಬೇಕು, ಕಾರ್ಡು ಬೇಕು; ಕಾರ್ಡಿಲ್ಲದ ಹದಿಹರೆಯದ ಹುಡುಗಿಗೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.

ಇನ್ನೊಂದು ದಾರಿ ಚಂದಾ. ನಿಂಟೆಂಡೊ 2018ರ ಸೆಪ್ಟೆಂಬರಿನಲ್ಲಿ ‘ಸ್ವಿಚ್ ಆನ್‌ಲೈನ್’ ಆರಂಭಿಸಿ, 20 ಎನ್‌ಇಎಸ್ ಆಟಗಳನ್ನು ಚಂದಾದಾರರಿಗೆ ತೆರೆದಿಟ್ಟಿತು. ಸೋನಿ 2022ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಅನ್ನು ಮೂರು ಮಟ್ಟಗಳಾಗಿ ಮಾಡಿದಾಗ ಹಳೆಯ ಆಟಗಳನ್ನೂ ಗಂಟೆ ಲೆಕ್ಕದ ಟ್ರಯಲ್‌ಗಳನ್ನೂ ಮೇಲಿನ ಮಟ್ಟದಲ್ಲಿಟ್ಟಿತು. ಭಾರತದಲ್ಲಿ ಆ ಮಟ್ಟದ ಹೆಸರು ‘ಡಿಲಕ್ಸ್’. ಹೀಗೆ ಆಡಿ ನೋಡುವ ಅವಕಾಶವೇ ಬೆಲೆ ಕಟ್ಟಿ ಮಾರುವ ವಸ್ತುವಾಯಿತು.

ಇವೆಲ್ಲದರ ನಡುವೆ ಗೇಮ್ ಕಂಪನಿ ಕ್ಯಾಪ್‌ಕಾಮ್ ಮಾಡಿದ್ದು ಶೇರ್‌ವೇರ್ ದಿನಗಳನ್ನು ನೆನಪಿಸುತ್ತದೆ. 2021ರ ‘ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ’ ಅನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು; ಅದರಲ್ಲಿ 1987ರ ವಿಮಾನ ಯುದ್ಧದ ಆಟ ‘1943’ ಪೂರ್ತಿಯಾಗಿ ಇದೆ. ಮಿಕ್ಕ ಆಟಗಳಿಗೆ ಹಣ. ಮರುವರ್ಷದ ಎರಡನೆಯ ಸಂಕಲನದಲ್ಲಿ 1984ರ ‘ಸನ್‌ಸನ್’ ಹಾಗೆ ಪುಕ್ಕಟೆ ಸಿಕ್ಕಿತು. ಯಾವ ಆಟವನ್ನೂ ನಡುವೆ ಕತ್ತರಿಸಬೇಕಿಲ್ಲ, ಗಡಿಯಾರ ಬೇಕಿಲ್ಲ. ಎಮ್ಯುಲೇಟರ್ ಹೇಗಿದೆ, ಗುಂಡಿಗಳು ಹೇಗೆ ಸ್ಪಂದಿಸುತ್ತವೆ, ಪರದೆಯ ಮೇಲೆ ಚಿತ್ರ ಹೇಗೆ ಕಾಣುತ್ತದೆ ಎಂಬುದೆಲ್ಲ ಆ ಒಂದೇ ಆಟದಲ್ಲಿ ತಿಳಿಯುತ್ತದೆ. ಸಂಕಲನಗಳ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ದಾರಿ ಸದ್ಯಕ್ಕೆ ಕಾಣುವುದಿಲ್ಲ.

ಡೆಮೊಗಳೇ ಹಳೆಯದಾದಾಗ

2023ರ ಜುಲೈನಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಸಿಗುವ ಶೇ. 13ರಲ್ಲಿ ಆಡಿ ನೋಡಲು ಬರುವವು ಇನ್ನೂ ಕಡಿಮೆ. ಡೆಮೊಗಳ ಗತಿ ಆಟಗಳಿಗಿಂತ ಕಷ್ಟದ್ದು, ಏಕೆಂದರೆ ಅಂಗಡಿ ಮುಚ್ಚುವಾಗ ಕೊಂಡ ಆಟವನ್ನು ಉಳಿಸಿಕೊಳ್ಳಲು ಜನ ಹೋರಾಡುತ್ತಾರೆ, ಪುಕ್ಕಟೆ ತುಣುಕಿಗಾಗಿ ಹೋರಾಡುವವರಿಲ್ಲ. ವೀ ಅಂಗಡಿ 2019ರ ಜನವರಿಯಲ್ಲಿ, 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮಾರಾಟ ನಿಲ್ಲಿಸಿದವು.

ಡೆಮೊವೊಂದು ತಾನೇ ಮೇರುಕೃತಿಯಾಗಿ, ಆಮೇಲೆ ಕಾಣೆಯಾದದ್ದೂ ಉಂಟು. 2014ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 4ರಲ್ಲಿ ‘ಪಿ.ಟಿ.’ ಎಂಬ ಉಚಿತ ಆಟ ಸದ್ದಿಲ್ಲದೆ ಬಂತು. ಒಂದೇ ಮನೆಯ ಒಂದೇ ಮೊಗಸಾಲೆಯಲ್ಲಿ ಸುತ್ತಿ ಸುತ್ತಿ ನಡೆಯುವುದಷ್ಟೇ ಅದರ ಆಟ. ಪ್ರತಿ ಸುತ್ತಿನಲ್ಲಿ ಏನೋ ಒಂದು ಬದಲಾಗಿ ಮೈ ನಡುಗಿಸುತ್ತದೆ. ಆಡಿ ಮುಗಿಸಿದವರಿಗೆ ಅದು ಹಿಡಿಯೊ ಕೊಜಿಮಾ ನಿರ್ದೇಶಿಸಲಿದ್ದ ‘ಸೈಲೆಂಟ್ ಹಿಲ್ಸ್’ನ ಮುನ್ನುಡಿ ಎಂದು ತಿಳಿಯುತ್ತಿತ್ತು. ಆ ಪೂರ್ತಿ ಆಟ ರದ್ದಾಯಿತು. 2015ರ ಏಪ್ರಿಲ್ 29ರಂದು ಪ್ರಕಾಶನ ಕಂಪನಿ ಕೊನಾಮಿ ಡೆಮೊವನ್ನೂ ಅಂಗಡಿಯಿಂದ ತೆಗೆಯಿತು, ಇಳಿಸಿಕೊಂಡಿದ್ದವರೂ ಅಳಿಸಿದರೆ ಮತ್ತೆ ಪಡೆಯಲಾರದಂತಾಯಿತು. ‘ಪಿ.ಟಿ.’ ಉಳಿದಿರುವ ಹಳೆಯ ಯಂತ್ರಗಳನ್ನು ಜನ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

1993ರಲ್ಲಿ ನಕಲು ಮಾಡಲು ಅನುಮತಿಯೊಂದಿಗೇ ಹೊರಟ ‘ಡೂಮ್’ನ ಮೊದಲ ಕಂತಿಗೆ ಈ ಗತಿ ಬರಲಿಲ್ಲ. ಅದನ್ನು ಯಾವ ಅಂಗಡಿಯೂ ಕಾಯುತ್ತಿರಲಿಲ್ಲ, ಹಾಗಾಗಿ ಯಾವ ಅಂಗಡಿ ಮುಚ್ಚಿದಾಗಲೂ ಅದು ಹೋಗಲಿಲ್ಲ. 1997ರ ಡಿಸೆಂಬರಿನಲ್ಲಿ ಆಟದ ಪ್ರೋಗ್ರಾಮಿನ ಮೂಲ ಬರಹವನ್ನೂ ಇಡ್ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಯಾವುದಾದರೂ ಹೊಸ ಉಪಕರಣದಲ್ಲಿ ‘ಡೂಮ್’ ಓಡಿಸಿ ನೋಡಲು ಹೊರಟ ಹವ್ಯಾಸಿಗಳು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಹಣ ಕೇಳದ ಆ 4 ಎಂ.ಬಿ. ಫೈಲನ್ನೇ. ಒಂಬತ್ತು ಹಂತಗಳೂ ಅದರಲ್ಲಿ ಹಾಗೆಯೇ ಇವೆ.